ಹಕ್ಕಿಯ ಗೂಡಿನೆದುರು: ರಿಚರ್ಡ್ ಕೀರ್ಟನ್‌ನ ಜೀವನ

ಇಂಗ್ಲೆಂಡಿನಲ್ಲಿ ವಸಂತವು ಹಕ್ಕಿಗಳ ಬೆನ್ನೇರಿ ಬರುವ ಋತು. ಮಾರ್ಚಿ ತಿಂಗಳ ಕೊನೆಯಲ್ಲಿ, ಮರಗಳು ಇನ್ನೂ ಸರಿಯಾಗಿ ಚಿಗುರೊಡೆಯುವ ಮೊದಲೇ, ಮೆಡಿಟರೇನಿಯನ್ ತೀರಗಳಿಂದಲೂ ಆಫ್ರಿಕ ಖಂಡದಿಂದಲೂ ಹೊರಟ ಪುಟ್ಟ ಪಕ್ಷಿಗಳು ಒಂದೊಂದಾಗಿ ಅಲ್ಲಿನ ತೋಪುಗಳಿಗೆ ಬಂದಿಳಿಯತೊಡಗುತ್ತವೆ. ಏಪ್ರಿಲ್ ನಡುವಿನ ಹೊತ್ತಿಗೆ ಕುಕ್ಕೂವಿನ ಕೂಗು, ನೈಟಿಂಗೇಲಿನ ಇರುಳು ಹಾಡು ಕೇಳಿಬರುತ್ತವೆ. ನಮ್ಮ ನಾಡಿನಲ್ಲಿ ಇದಕ್ಕೆ ವಿಪರ್ಯಾಸವಾದ ಕ್ರಮ. ಚಳಿಗಾಲವನ್ನು ಕಳೆಯಲೆಂದು ಉತ್ತರದಿಂದ ನಮ್ಮ ಕೆರೆಯಂಗಳಕ್ಕೂ ಅಡಕೆ ತೋಟಕ್ಕೂ ಬಂದ ಸಿಪಿಲೆ, ಉಲಿಯಕ್ಕಿ ಮೊದಲಾದವು ಯುಗಾದಿಯ ಆಸುಪಾಸಿನಲ್ಲಿ ನಮ್ಮಿಂದ ಬೀಳ್ಕೊಳ್ಳುತ್ತವೆ. ನಮ್ಮ ವಸಂತವು ಆ ಹಕ್ಕಿಗಳನ್ನು ಕಳುಹಿಸಿಕೊಡುವ ಕಾಲ. ಅವರದು ಬರಮಾಡಿಕೊಳ್ಳುವ ಕಾಲ. ಆದುದರಿಂದಲೇ ಇರಬೇಕು, ಆ ಜನರಿಗೆ ವಸಂತದ ಹಕ್ಕಿಯೆಂದರೆ ಒಂದು ಬಗೆಯ ಹುಚ್ಚು.

ಆ ಹುಚ್ಚು ಬಹುಕಾಲ ಒಳ್ಳೆಯ ರೂಪವನ್ನೇನೂ ತಳೆದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಕ್ಕಿಯನ್ನು ಅರಿಯಬೇಕೆನ್ನುವವನ ಕೈಯಲ್ಲಿ ಬಂದೂಕು ಇರುತ್ತಿತ್ತು. ಹಕ್ಕಿಯನ್ನು ಹೊಡೆದು ಕೆಡವಿ, ಚರ್ಮ ಸುಲಿದು, ಹತ್ತಿ ತುಂಬಿ, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ ಮೇಲೆ ಅದರ ಅಧ್ಯಯನ ಮೊದಲಾಗುತ್ತಿತ್ತು. ಅಮೆರಿಕದ ಮಹಾ ಪಕ್ಷಿಚಿತ್ರಕಾರನಾದ ಆಡುಬನ್ ಸಹ ತಾನು ಹೊಡೆದ ಹಕ್ಕಿಗಳನ್ನು ತಂತಿಯಿಂದ ಬಿಗಿದು, ಬದುಕಿರುವಂತೆ ನಿಲ್ಲಿಸಿಕೊಂಡು ಚಿತ್ರ ಬರೆದವನು. ಬಂದೂಕು ಇಲ್ಲದ ಬಾಲಕರು ಗೂಡಿನಿಂದ ಮೊಟ್ಟೆಗಳನ್ನು ಕದ್ದು, ಸೂಜಿಯಿಂದ ತೂತು ಕೊರೆದು, ಒಳಗಿನದನ್ನು ಊದಿ ತೆಗೆದು, ಬರಿಯ ಚಿಪ್ಪನ್ನು ಅರೆಗಳಲ್ಲಿ ಜೋಡಿಸಿಡುತ್ತಿದ್ದರು. ಇದನ್ನು ಯಾರೂ ಕಳ್ಳತನವೆಂದು ಎಣಿಸುತ್ತಿರಲಿಲ್ಲ. ಪಾದ್ರಿಗಳೂ ಉಪಾಧ್ಯಾಯರೂ ಮಕ್ಕಳಿಗೆ ಪ್ರಕೃತಿಪ್ರೇಮದ ಲಕ್ಷಣವೆಂದು ಅದನ್ನು ಕಲಿಸುತ್ತಿದ್ದ ಕಾಲವದು.

ಇಂತಹ ಕಾಲದಲ್ಲಿ ಬೆಳೆದು, ಇದೇ ಚಟದಲ್ಲಿ ಕಾಲು ಮುರಿದುಕೊಂಡು, ಮುಂದೆ ಅದೇ ಕುಂಟುಕಾಲಿನಲ್ಲಿ ನಡೆದು ಈ ಪದ್ಧತಿಯನ್ನು ಬದಲಾಯಿಸಲು ಯಾರಿಗಿಂತಲೂ ಹೆಚ್ಚಾಗಿ ದುಡಿದವನು ರಿಚರ್ಡ್ ಕೀರ್ಟನ್. ಇಂದು ಅಂಗೈಯಗಲದ ಯಂತ್ರದಿಂದ ಶಾಲಾಬಾಲಕನೂ ಹಕ್ಕಿಯ ಚಿತ್ರ ತೆಗೆಯುತ್ತಾನೆ. ಆ ಅಭ್ಯಾಸದ ವಂಶಾವಳಿಯನ್ನು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವ ಮನೆಗಳಲ್ಲಿ ಒಂದು ಈತನದು.

ರಿಚರ್ಡ್ ಹುಟ್ಟಿದ್ದು 1862ನೆಯ ಇಸವಿ ಜನವರಿ 2ರಂದು, ಯಾರ್ಕ್‌ಷೈರಿನ ಉತ್ತರಭಾಗದ ಸ್ವೇಲ್‌ಡೇಲ್ ಕಣಿವೆಯ ಥ್ವೇಟ್ ಎಂಬ ಹಳ್ಳಿಯಲ್ಲಿ. ಕಲ್ಲಿನ ಮನೆಗಳು, ಕಲ್ಲಿನ ಬೇಲಿಗಳು, ಬೆಟ್ಟದ ನೆತ್ತಿಯವರೆಗೂ ಹಬ್ಬಿದ ಕುರುಚಲು ಬಯಲು, ಅದರ ಮೇಲೆ ಕುರಿಗಳು. ಇದು ಆ ಊರಿನ ರೂಪ. ತಂದೆ ಕುರಿ ಸಾಕುವ ಬೇಸಾಯಗಾರ. ಮಕ್ಕಳು ಓದಿದ್ದು ಪಕ್ಕದ ಮ್ಯೂಕರ್ ಎಂಬ ಊರಿನ ಸಣ್ಣ ಶಾಲೆಯಲ್ಲಿ. ಆದರೆ ರಿಚರ್ಡನ ನಿಜವಾದ ಪಾಠಶಾಲೆಯೆಂದರೆ ಆ ಬಯಲೇ. ವಸಂತ ಬಂದರೆ ಕಣಿವೆಯ ಕಲ್ಲುಸಂದುಗಳಿಗೆ ವೀಟ್‌ಇಯರ್ ಹಕ್ಕಿಯೂ, ಬೆಟ್ಟದ ಕಮರಿಗಳಿಗೆ ಕೊರಳಲ್ಲಿ ಬಿಳಿಯ ಪಟ್ಟಿಯುಳ್ಳ ರಿಂಗ್ ಊಜಲ್ ಎಂಬ ಕರಿಹಕ್ಕಿಯೂ ದಕ್ಷಿಣದಿಂದ ಹಿಂದಿರುಗುತ್ತಿದ್ದವು. ಯಾವ ಹಕ್ಕಿ ಯಾವ ಕಲ್ಲಿನ ಕೆಳಗೆ ಗೂಡು ಕಟ್ಟುವುದೆಂಬುದನ್ನು ಕುರುಬರ ಮಕ್ಕಳು ಪುಸ್ತಕವಿಲ್ಲದೆಯೇ ತಿಳಿದಿದ್ದರು.

ಬಾಲ್ಯದಲ್ಲಿಯೇ ಅವನ ಬದುಕಿಗೆ ಒಂದು ಪೆಟ್ಟು ಬಿದ್ದಿತು. ಹಕ್ಕಿಯ ಗೂಡಿಗಾಗಿ ಮರವನ್ನೇರಿದ ಹುಡುಗ ಕೆಳಗೆ ಬಿದ್ದು ಸೊಂಟದ ಕೀಲಿಗೆ ಗಾಯ ಮಾಡಿಕೊಂಡನು. ತಕ್ಕ ಚಿಕಿತ್ಸೆ ದೊರೆಯಲಿಲ್ಲ. ಒಂದು ಕಾಲು ಶಾಶ್ವತವಾಗಿ ಕುಂಟಾಯಿತು. ಗುಡ್ಡಗಾಡಿನ ಬೇಸಾಯಗಾರನ ಮಗನಿಗೆ ಇದಕ್ಕಿಂತ ಹೆಚ್ಚಿನ ಅನಿಷ್ಟ ಮತ್ತೊಂದಿಲ್ಲ. ಆದರೂ ಆತನು ಮಂದೆಯ ಹಿಂದೆ ಬೆಟ್ಟ ಹತ್ತುವುದನ್ನು ಬಿಡಲಿಲ್ಲ. ಓಡಲಾರದವನು ಕುಳಿತು ನೋಡಲು ಕಲಿತನು ಎಂದು ಹೇಳಿದರೆ ಅದು ಕಥೆಗಾರನ ಜಾಣ್ಮೆಯಾದೀತು. ಅವನ ಬರೆಹಗಳಲ್ಲಿ ಕಾಣುವ ಮನುಷ್ಯನಾದರೋ ಎಲ್ಲಿಯೂ ಸುಮ್ಮನೆ ಕುಳಿತವನಲ್ಲ. ಕುಂಟುತ್ತಲೇ ಬಂಡೆಗಳನ್ನೂ ಜೌಗುನೆಲವನ್ನೂ ದ್ವೀಪಗಳನ್ನೂ ಅಲೆದವನು.

ಅವನ ಭಾಗ್ಯೋದಯವಾದ ಬಗೆಯೂ ವಿಚಿತ್ರವಾದುದು. ಸ್ವೇಲ್‌ಡೇಲಿನ ಬಯಲಿನಲ್ಲಿ ಗ್ರೌಸ್ ಎಂಬ ಕಾಡುಕೋಳಿಯ ಜಾತಿಯ ಹಕ್ಕಿಯನ್ನು ಬೇಟೆಯಾಡಲು ಲಂಡನ್ನಿನ ಶ್ರೀಮಂತರು ಬರುವ ವಾಡಿಕೆಯಿತ್ತು. 1882ರಲ್ಲಿ ಹಾಗೆ ಬಂದವರಲ್ಲಿ ಒಬ್ಬನು ಸಿಡ್ನಿ ಗ್ಯಾಲ್ಪಿನ್. ಕ್ಯಾಸೆಲ್ ಎಂಬ ಹೆಸರಾಂತ ಪ್ರಕಾಶನ ಸಂಸ್ಥೆಗೆ ಸೇರಿದವನು. ಇಪ್ಪತ್ತು ವರ್ಷದ ರಿಚರ್ಡ್ ಗ್ರೌಸಿನ ಕೂಗನ್ನು ತನ್ನ ಗಂಟಲಿನಿಂದಲೇ ಅನುಕರಿಸಿ ಹಕ್ಕಿಗಳನ್ನು ಹತ್ತಿರಕ್ಕೆ ಕರೆಸಿದನು. ಗ್ಯಾಲ್ಪಿನ್ ಬೆರಗಾದನು, ಹುಡುಗನ ಮಾತುಕತೆಯನ್ನೂ ಬುದ್ಧಿಯನ್ನೂ ಮೆಚ್ಚಿ ಲಂಡನ್ನಿನಲ್ಲಿ ಕೆಲಸ ಕೊಡಿಸಿದನು. ಹೀಗೆ, ಗುಂಡಿಗೆ ಗುರಿಯಾಗಲೆಂದು ಹಕ್ಕಿಗಳನ್ನು ಕೂಗಿ ಕರೆದ ಆ ವಿದ್ಯೆಯೇ ಅವನನ್ನು ಪುಸ್ತಕಗಳ ಲೋಕಕ್ಕೆ ತಲುಪಿಸಿತು. ಕೆಲವು ವರ್ಷಗಳ ಬಳಿಕ ತಂದೆ ತೀರಿಕೊಳ್ಳಲು, ರಿಚರ್ಡನಿಗಿಂತ ಒಂಬತ್ತು ವರ್ಷ ಕಿರಿಯವನಾದ ತಮ್ಮ ಚೆರಿಯೂ ಅದೇ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದನು. ಚೆರಿ 1871ರ ಜುಲೈಯಲ್ಲಿ ಹುಟ್ಟಿದವನು. ಅಣ್ಣನಷ್ಟು ಮಾತುಗಾರನಲ್ಲ, ಆದರೆ ಗಟ್ಟಿಮುಟ್ಟಾದ ಮೈ, ಹೆದರದ ಎದೆ, ಯಂತ್ರಗಳಲ್ಲಿ ಪಳಗಿದ ಕೈ.

1890ರಲ್ಲಿ ರಿಚರ್ಡ್ ತನ್ನ ಮೊದಲ ಗ್ರಂಥವನ್ನು ಪ್ರಕಟಿಸಿದನು. ಅದರ ವಸ್ತು ಹಕ್ಕಿಗಳ ಗೂಡು, ಮೊಟ್ಟೆ ಮತ್ತು ಮೊಟ್ಟೆಗಳ ಸಂಗ್ರಹಣೆ. ಶೀರ್ಷಿಕೆಯಲ್ಲಿಯೇ ಸಂಗ್ರಹಣೆಯ ಮಾತಿದೆಯೆಂಬುದನ್ನು ವಾಚಕರು ಗಮನಿಸಬೇಕು. ಮುಂದೆ ಗೂಡಿನ ಕಾವಲುಗಾರನಾದವನು ತನ್ನ ಬರೆಹಗಾರಿಕೆಯನ್ನು ಆರಂಭಿಸಿದ್ದು ಮೊಟ್ಟೆ ಕೂಡಿಸುವವರ ಕೈಪಿಡಿಯಿಂದ. ಇದನ್ನು ಅವನ ಅಭಿಮಾನಿಗಳು ಮರೆಸಿ ಹೇಳುವುದುಂಟು. ನನಗಾದರೋ ಅವನ ಜೀವನದಲ್ಲಿ ಅತ್ಯಂತ ಬೆಲೆಯುಳ್ಳ ಸಂಗತಿ ಇದೇ ಎನಿಸುತ್ತದೆ. ಪರಂಪರೆಯಿಂದ ಬಂದ ತಪ್ಪಿನಲ್ಲಿ ತಾನೂ ನುರಿತವನಾಗಿದ್ದು, ಆಮೇಲೆ ಅದರಿಂದ ಹೊರಬಂದವನ ಮಾತಿಗೆ ಇರುವ ತೂಕ ಬೇರೆ.

ಹೊರಬರುವ ದಾರಿ ತೆರೆದುದು 1892ರ ಏಪ್ರಿಲಿನಲ್ಲಿ. ಲಂಡನ್ನಿನ ಉತ್ತರದ ಹೊರವಲಯದಲ್ಲಿ ಸೋದರರಿಬ್ಬರೂ ಅಡ್ಡಾಡುತ್ತಿದ್ದಾಗ, ಸಾಂಗ್ ಥ್ರಷ್ ಎಂಬ ಹಾಡುಹಕ್ಕಿಯ ಗೂಡೊಂದು ಕಂಡಿತು. ಒಳಗೆ ಕರಿಯ ಚುಕ್ಕಿಗಳುಳ್ಳ ನೀಲಿ ಮೊಟ್ಟೆಗಳು. ಚೆರಿಯ ಬಳಿ ಅಗ್ಗದ ಬೆಲೆಗೆ ಕೊಂಡ ಕ್ಯಾಮೆರವೊಂದಿತ್ತು. ಅವನು ಆ ಗೂಡಿನ ಚಿತ್ರವನ್ನು ತೆಗೆದನು. ಗಾಜಿನ ಫಲಕವನ್ನು ತೊಳೆದು ನೋಡಿದಾಗ ಹುಲ್ಲಿನ ಒಂದೊಂದು ಎಳೆಯೂ ಇದ್ದಲ್ಲಿಯೇ ಇದ್ದಿತು. ಮೊಟ್ಟೆಗಳು ತಾಯಿಯ ಬಳಿಯೇ ಉಳಿದಿದ್ದುವು. ಅರೆಯಲ್ಲಿ ಮೊಟ್ಟೆಯ ಚಿಪ್ಪನ್ನು ಇಡುವವನಿಗೆ ಗೂಡು ಎಲ್ಲಿತ್ತು, ಹೇಗಿತ್ತು, ಸುತ್ತ ಯಾವ ಬಳ್ಳಿ ಹಬ್ಬಿತ್ತು ಎಂಬುದೊಂದೂ ಉಳಿಯುವುದಿಲ್ಲ. ಇಲ್ಲಿ ಏನನ್ನೂ ಕದಿಯದೆ ಎಲ್ಲವೂ ದಕ್ಕಿತ್ತು. ರಿಚರ್ಡನಿಗೆ ಇದರ ಮಹತ್ವ ಹೊಳೆಯಲು ತಡವಾಗಲಿಲ್ಲ. ಬ್ರಿಟನ್ನಿನ ಹಕ್ಕಿಗಳ ಗೂಡುಗಳನ್ನೆಲ್ಲ ಇದೇ ರೀತಿ ಇದ್ದಲ್ಲಿಯೇ ಚಿತ್ರಿಸಿ ಒಂದು ಗ್ರಂಥವಾಗಿಸಬೇಕೆಂದು ಆತನು ಸಂಕಲ್ಪಿಸಿದನು. ಮೂರು ವರ್ಷಗಳ ಕಾಲ ಕಚೇರಿಯ ಕೆಲಸದ ನಡುವೆ ದೊರೆತ ರಜೆಗಳಲ್ಲೆಲ್ಲ ಅಣ್ಣತಮ್ಮಂದಿರು ದೇಶವನ್ನು ಸುತ್ತಿದರು. 1895ರಲ್ಲಿ ಬ್ರಿಟಿಷ್ ಪಕ್ಷಿಗಳ ಗೂಡುಗಳನ್ನು ಕುರಿತ ಆ ಗ್ರಂಥ ಕ್ಯಾಸೆಲ್ ಸಂಸ್ಥೆಯಿಂದಲೇ ಹೊರಬಂದಿತು. ಬಯಲಿನಲ್ಲಿ ತೆಗೆದ ಛಾಯಾಚಿತ್ರಗಳಿಂದಲೇ ತುಂಬಿದ ಮೊದಲ ಪ್ರಕೃತಿಗ್ರಂಥವೆಂದು ಅದಕ್ಕೆ ಹೆಸರು.

ಮೊದಲಿಗನೆಂಬ ಬಿರುದನ್ನು ಇಂತಹ ವಿಷಯಗಳಲ್ಲಿ ಅಳೆದು ತೂಗಿ ಕೊಡಬೇಕು. ಅದೇ 1895ರಲ್ಲಿ ರೆಜಿನಾಲ್ಡ್ ಲಾಜ್ ಎಂಬಾತನು ಗೂಡಿನ ಮೇಲೆ ಕುಳಿತ ಟಿಟ್ಟಿಭದ ಚಿತ್ರಕ್ಕಾಗಿ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಪದಕವನ್ನು ಪಡೆದನು. ಕಾಲ ಪಕ್ವವಾಗಿದ್ದಿತು, ಹಲವರು ಒಂದೇ ಹಾದಿಯಲ್ಲಿದ್ದರು. ಕೀರ್ಟನ್ ಸೋದರರ ವೈಶಿಷ್ಟ್ಯವೆಂದರೆ, ಅದನ್ನು ಸಾಮಾನ್ಯ ಓದುಗನ ಮನೆಗೆ ಮುಟ್ಟಿಸಿದುದು.

ಅಂದಿನ ಛಾಯಾಗ್ರಹಣವೆಂದರೆ ಏನೆಂಬುದನ್ನು ಇಂದಿನ ತರುಣರಿಗೆ ತುಸು ವಿವರಿಸಬೇಕು. ಕ್ಯಾಮೆರವೆಂದರೆ ತಿದಿಯಂತೆ ಮಡಿಸುವ ಮರದ ಪೆಟ್ಟಿಗೆ. ಅದನ್ನು ನಿಲ್ಲಿಸಲು ಮೂರು ಕಾಲಿನ ಪೀಠ. ಛಾಯಾಗ್ರಾಹಕನು ತಲೆಯ ಮೇಲೆ ಕರಿಯ ಬಟ್ಟೆಯನ್ನೆಳೆದುಕೊಂಡು, ಹಿಂಭಾಗದ ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡುತ್ತ ಸ್ಫುಟಗೊಳಿಸಬೇಕು. ಬಳಿಕ ಮಬ್ಬುಗಾಜನ್ನು ಸರಿಸಿ ಅಲ್ಲಿ ರಾಸಾಯನಿಕ ಲೇಪವುಳ್ಳ ಗಾಜಿನ ಫಲಕವನ್ನು ಸೇರಿಸಬೇಕು. ಆ ಕ್ಷಣದಿಂದ ಮುಂದೆ ಅವನು ಕುರುಡನಂತೆ. ಮಸೂರದಲ್ಲಿ ಏನು ಕಾಣುತ್ತಿದೆಯೆಂಬುದು ಅವನಿಗೆ ಕಾಣದು. ದೂರದಿಂದ ರಬ್ಬರಿನ ಕೊಳವೆಯ ತುದಿಯ ಬುರುಡೆಯನ್ನು ಹಿಸುಕಿದರೆ ಗಾಳಿಯೊತ್ತಡದಿಂದ ಕವಾಟ ತೆರೆದು ಮುಚ್ಚುತ್ತದೆ. ಒಂದು ಫಲಕಕ್ಕೆ ಒಂದೇ ಚಿತ್ರ. ಎಲೆ ತುಂಬಿದ ತೋಪಿನ ನೆರಳಿನಲ್ಲಿ ಆ ಫಲಕಗಳಿಗೆ ಬೆಳಕು ಸಾಲದು. ಕೊಂಬೆ ಅಲುಗಿದರೂ ಬಿಂಬ ಕದಡಿಹೋಗುವುದು.

ಇಂತಹ ಸಲಕರಣೆಯಿಂದ ಕೊಂಬೆಯಿಂದ ಕೊಂಬೆಗೆ ಹಾರುವ ವಲಸೆಹಕ್ಕಿಯನ್ನು ಹಿಡಿಯುವುದೆಂತು? ಹಿಡಿಯಲಾಗದು. ಈ ಮಾತನ್ನು ಒಪ್ಪಿಕೊಂಡುದರಲ್ಲಿಯೇ ಕೀರ್ಟನ್ ಸೋದರರ ಉಪಾಯವೆಲ್ಲ ಅಡಗಿದೆ. ಹಕ್ಕಿಯನ್ನು ಬೆನ್ನಟ್ಟಿದರೆ ಅದು ಸಿಕ್ಕದು. ಆದರೆ ಸಾವಿರಾರು ಮೈಲಿ ಹಾರಿಬಂದ ಹಕ್ಕಿಯೂ ಒಂದು ಕಡೆಗೆ ಮಾತ್ರ ದಿನಕ್ಕೆ ನೂರು ಸಲ ಮರಳಿ ಬಂದೇ ಬರುತ್ತದೆ, ಅದು ತನ್ನ ಗೂಡಿಗೆ. ಕ್ಯಾಮೆರವನ್ನು ಗೂಡಿನತ್ತ ತಿರುಗಿಸಿ, ಮನುಷ್ಯನು ಕಣ್ಮರೆಯಾದರೆ ಸಾಕು. ಅವರ ಚಿತ್ರಗಳಲ್ಲಿ ಹಾರಾಟವಿಲ್ಲವೆಂದು ಆಕ್ಷೇಪಿಸುವವರು ಇದನ್ನು ನೆನೆಯಬೇಕು. ದೀರ್ಘ ಪ್ರಯಾಣದ ಕೊನೆಯ ಒಂದು ಗೇಣು ಜಾಗವಷ್ಟೇ ಅವರ ಪಾಲಿಗೆ ಬಂದಿದ್ದಿತು.

ಕಣ್ಮರೆಯಾಗುವುದು ಸುಲಭವಲ್ಲ. ಸೋದರರು ಇದಕ್ಕಾಗಿ ಮಾಡಿದ ಸಾಹಸಗಳನ್ನು ಓದುವಾಗ ನಗೆಯೂ ಬರುತ್ತದೆ, ಗೌರವವೂ ಮೂಡುತ್ತದೆ. ತೋಪಿನೊಳಗೆ ಅಡಗಲು ಅವರು ಟೊಳ್ಳಾದ ಕೃತಕ ಮರದ ಬೊಡ್ಡೆಯೊಂದನ್ನು ರಚಿಸಿದರು. ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿ, ತೊಗಟೆಯಂತೆ ಬಣ್ಣ ಬಳಿದು, ಹಬ್ಬುವ ಬಳ್ಳಿಯನ್ನೂ ಪಾಚಿಯನ್ನೂ ಅಂಟಿಸಿದ ವೇಷ ಅದು. ಒಳಗೆ ಒಬ್ಬನು ನಿಂತು, ಸಣ್ಣ ಕಿಂಡಿಯಿಂದ ಮಸೂರವನ್ನು ಚಾಚಿ, ಗಂಟೆಗಟ್ಟಲೆ ಕಾಯಬೇಕು. ಕಲ್ಲುನಾಡಿನಲ್ಲಿ ಬಳಸಲು ಕೃತಕವಾದ ಬಂಡೆಯೂ ಇದ್ದಿತು. ತೆರೆದ ಹುಲ್ಲುಗಾವಲಿನಲ್ಲಿ ಮರವನ್ನಾಗಲಿ ಬಂಡೆಯನ್ನಾಗಲಿ ತಂದು ನಿಲ್ಲಿಸಿದರೆ ಹಕ್ಕಿ ನಂಬುವುದೆ? ಅಲ್ಲಿ ಸಹಜವಾಗಿ ಇರತಕ್ಕುದು ದನ. ಆದುದರಿಂದ 1900ರಲ್ಲಿ ಒಂದು ಎತ್ತಿನ ಚರ್ಮವನ್ನು ಹದಗೊಳಿಸಿ, ಹಗುರವಾದ ಟೊಳ್ಳು ಮೈಯ ಮೇಲೆ ಹೊದಿಸಿ, ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ಕೃತಕ ಎತ್ತು ಸಿದ್ಧವಾಯಿತು. ಛಾಯಾಗ್ರಾಹಕನು ಅದರ ಹೊಟ್ಟೆಯೊಳಗೆ ತೂರಿಕೊಂಡು ಬಾಗಿ ನಿಲ್ಲಬೇಕು. ಕ್ಯಾಮೆರ ಎದೆಯ ಕಿಂಡಿಯಿಂದ ಇಣುಕಬೇಕು. ಟ್ರೋಜನ್ ಕುದುರೆಯ ಕಥೆ ನೆನಪಾಗುವುದು ಸಹಜ. ಆದರೆ ಆ ಕುದುರೆಯ ಹೊಟ್ಟೆಯಲ್ಲಿ ಇದ್ದವರು ಕೊಲ್ಲಲು ಬಂದವರು. ಒಮ್ಮೆ ಈ ಎತ್ತು ಒಳಗಿನ ಮನುಷ್ಯನ ಸಮೇತ ಮಗುಚಿ ಬಿದ್ದು ನಾಲ್ಕು ಕಾಲುಗಳನ್ನೂ ಆಕಾಶಕ್ಕೆ ಚಾಚಿದ ಪ್ರಸಂಗವೂ ಉಂಟು. ತಾನಾಗಿ ಎದ್ದು ಬರುವ ಅನುಕೂಲ ಆ ಎತ್ತಿನಲ್ಲಿ ಇರಲಿಲ್ಲ. ಕುರಿಯ ವೇಷವನ್ನೂ ಅವರು ಬಿಡಲಿಲ್ಲ.

ಎತ್ತರದ ಬೇಲಿಯ ಗೂಡುಗಳನ್ನು ಚಿತ್ರಿಸಬೇಕಾದಾಗ ಉದ್ದನೆಯ ಮೂರು ಕಾಲಿನ ಪೀಠದ ಮೇಲೆ ಕ್ಯಾಮೆರವನ್ನೇರಿಸಿ, ಚೆರಿಯು ಅಣ್ಣನ ಹೆಗಲ ಮೇಲೆ ನಿಲ್ಲುತ್ತಿದ್ದನು. ಆ ದೃಶ್ಯದ ಛಾಯಾಚಿತ್ರವೊಂದು ಉಳಿದುಬಂದಿದೆ. ಹೆಗಲು ಕೊಟ್ಟು ನಿಂತವನು ಕುಂಟನೆಂಬುದನ್ನು ಅರಿತು ನೋಡಿದರೆ ಆ ಚಿತ್ರದ ಅರ್ಥವೇ ಬೇರೆಯಾಗುತ್ತದೆ. ಕಡಲ ಬದಿಯ ಕಡಿದಾದ ಬಂಡೆಗಳಲ್ಲಾದರೆ ಹಗ್ಗ ಕಟ್ಟಿಕೊಂಡು ಇಳಿಯುವುದು ಚೆರಿಯ ಪಾಲಿನ ಕೆಲಸ.

ಇಲ್ಲಿ ಒಂದು ನ್ಯಾಯದ ಪ್ರಶ್ನೆಯುಂಟು. ಗ್ರಂಥಗಳ ಮೇಲೆ ಕರ್ತೃವೆಂದು ಅಚ್ಚಾದ ಹೆಸರು ರಿಚರ್ಡನದು. ಮೊದಲ ಗ್ರಂಥಗಳ ಚಿತ್ರಗಳಲ್ಲಿ ಬಹುಮಟ್ಟಿಗೆ ಚೆರಿಯ ಕೈಚಳಕ. ಯಾರು ದೊಡ್ಡವರು? ಬರೆದವನು ದೊಡ್ಡವನೆಂದು ಸಾಹಿತ್ಯದವರೂ, ಚಿತ್ರ ತೆಗೆದವನು ದೊಡ್ಡವನೆಂದು ಕ್ಯಾಮೆರದವರೂ ವಾದಿಸಬಹುದು. ಆದರೆ ಯಾವ ಬೇಲಿಯ ಯಾವ ಪೊದೆಯಲ್ಲಿ ಗೂಡಿದೆಯೆಂದು ತಿಳಿಯದೆ ಕ್ಯಾಮೆರ ಏನು ಮಾಡೀತು? ಆ ತಿಳಿವಳಿಕೆ ಸ್ವೇಲ್‌ಡೇಲಿನ ಕುರುಬ ಹುಡುಗನಿಂದ ಬಂದುದು. ಮುಂದೆ ರಿಚರ್ಡ್ ತಾನೇ ಕ್ಯಾಮೆರ ಹಿಡಿದು, ತಮ್ಮನಿಲ್ಲದೆಯೂ ಒಳ್ಳೆಯ ಚಿತ್ರಗಳನ್ನು ತೆಗೆದನು. ಇಷ್ಟು ಹೇಳಿ ನಾನು ಈ ವಿವಾದವನ್ನು ಬಿಡುತ್ತೇನೆ. ಅವರಿಬ್ಬರ ಯೌವನದ ಕೆಲಸವನ್ನು ಬಿಡಿಸಿ ನೋಡಲು ಬರುವುದಿಲ್ಲ.

1896ರ ಬೇಸಗೆಯಲ್ಲಿ ಸೋದರರು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸಾಗರಮಧ್ಯದಲ್ಲಿರುವ ಸೇಂಟ್ ಕಿಲ್ಡ ದ್ವೀಪಕ್ಕೆ ಹೋದರು. ಅಲ್ಲಿನ ಕೆಲವೇ ಮಂದಿ ನಿವಾಸಿಗಳು ಕಡಲಹಕ್ಕಿಗಳನ್ನೂ ಅವುಗಳ ಮೊಟ್ಟೆಗಳನ್ನೂ ತಿಂದು ಬದುಕುತ್ತಿದ್ದರು. 1930ರಲ್ಲಿ ಆ ಜನರು ದ್ವೀಪವನ್ನೇ ತೊರೆದು ಹೊರಟುಹೋದುದರಿಂದ, ಅಂದಿನ ಚಿತ್ರಗಳಿಗೆ ಈಗ ಚರಿತ್ರೆಯ ಬೆಲೆ ಬಂದಿದೆ. 1898ರಲ್ಲಿ ರಿಚರ್ಡ್ ಕ್ಯಾಸೆಲ್ ಸಂಸ್ಥೆಯ ಕೆಲಸವನ್ನು ಬಿಟ್ಟು, ಬರೆಹವನ್ನೂ ಉಪನ್ಯಾಸವನ್ನೂ ವೃತ್ತಿಯಾಗಿ ಹಿಡಿದನು. ಕತ್ತಲ ಸಭಾಂಗಣದಲ್ಲಿ ಮಾಯಾದೀಪದ ಮೂಲಕ ಗಾಜಿನ ಚಿತ್ರಗಳನ್ನು ತೆರೆಯ ಮೇಲೆ ಹಾಯಿಸಿ, ಆತನು ಹಳ್ಳಿಯ ಹಾಸ್ಯ ಬೆರೆಸಿ ಮಾತನಾಡುತ್ತಿದ್ದನು. ಗಣಿಕೆಲಸದ ಊರುಗಳಲ್ಲಿಯೂ ಗಿರಣಿಗಳ ಪಟ್ಟಣಗಳಲ್ಲಿಯೂ ಕಾಡನ್ನೇ ಕಾಣದ ಮಕ್ಕಳಿಗೆ ಹಕ್ಕಿಯ ಸಂಸಾರವನ್ನು ಮೊದಲು ತೋರಿಸಿದುದು ಇಂತಹ ಮಾಯಾದೀಪಗಳೇ.

ವಸಂತದ ತೋಪುಗಳ ವಿಷಯಕ್ಕೆ ಬರುವುದಾದರೆ, ಆತನ ಇನ್ನೊಂದು ಕಾರ್ಯವನ್ನು ಇಲ್ಲಿ ಹೇಳಲೇಬೇಕು. ಹದಿನೆಂಟನೆಯ ಶತಮಾನದಲ್ಲಿ ಸೆಲ್‌ಬರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಊರಿನ ಪ್ರಾಣಿಪಕ್ಷಿಗಳನ್ನು ಕುರಿತು ಬರೆದ ಕಾಗದಗಳು 1789ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿ, ಇಂಗ್ಲಿಷ್ ಸಾಹಿತ್ಯದಲ್ಲಿ ಶಾಶ್ವತವಾದ ಸ್ಥಾನ ಪಡೆದಿವೆ. ಅದೇ ಗ್ರಂಥವನ್ನು ಟಿಪ್ಪಣಿಗಳೊಡನೆ ರಿಚರ್ಡ್ ಸಂಪಾದಿಸಿದನು. ಸೋದರರ ಛಾಯಾಚಿತ್ರಗಳೊಡನೆ ಅದು 1902ರಲ್ಲಿ ಹೊರಬಂದಿತು. ವಸಂತದಲ್ಲಿ ಬರುವ, ನೋಟಕ್ಕೆ ಒಂದೇ ಎನಿಸುವ ಹಸಿರು ಛಾಯೆಯ ಪುಟ್ಟ ಉಲಿಯಕ್ಕಿಗಳು ಒಂದಲ್ಲ, ಮೂರು ಜಾತಿ ಎಂಬುದನ್ನು ವೈಟ್ ಮುಖ್ಯವಾಗಿ ಅವುಗಳ ಉಲಿಯನ್ನು ಕೇಳಿಯೇ ಬೇರ್ಪಡಿಸಿದನು. ಇಷ್ಟು ಸೂಕ್ಷ್ಮವಾದ ಕಿವಿಯುಳ್ಳವನಿಗೂ ಒಂದು ಸಂದೇಹ ಕೊನೆಯವರೆಗೆ ತೀರಲಿಲ್ಲ: ಚಳಿಗಾಲದಲ್ಲಿ ಸ್ವಾಲೋ ಎಂಬ ಕವಲುಬಾಲದ ಹಕ್ಕಿಗಳು ದೂರದೇಶಕ್ಕೆ ಹೋಗುತ್ತವೆಯೋ, ಇಲ್ಲವೆ ಕೆಲವಾದರೂ ಅಲ್ಲಿಯೇ ಪೊಟರೆಗಳಲ್ಲಿ ಅಡಗಿ ನಿದ್ರಿಸುತ್ತವೆಯೋ ಎಂಬುದು.

ಈ ಸಂದೇಹಕ್ಕೆ ಪ್ರತ್ಯಕ್ಷವಾದ ಉತ್ತರ ಬಂದುದು ರಿಚರ್ಡನ ಜೀವಿತಕಾಲದಲ್ಲಿಯೇ, ಆದರೆ ಕ್ಯಾಮೆರದಿಂದಲ್ಲ. 1911ರ ಮೇ ತಿಂಗಳಲ್ಲಿ ಸ್ಟ್ಯಾಫರ್ಡ್‌ಷೈರಿನ ಒಂದು ಮನೆಯಲ್ಲಿ ಗೂಡುಕಟ್ಟಿದ್ದ ಸ್ವಾಲೋ ಹಕ್ಕಿಯ ಕಾಲಿಗೆ ಸಂಖ್ಯೆ ಕೆತ್ತಿದ ಹಗುರ ಲೋಹದ ಉಂಗುರವನ್ನು ತೊಡಿಸಿದ್ದರು. 1912ರ ಡಿಸೆಂಬರಿನಲ್ಲಿ ಅದೇ ಹಕ್ಕಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಸಿಕ್ಕಿತು. ಸುಮಾರು 6,000 ಮೈಲಿಗಳ ದೂರ. ಇದೇ ಜಾತಿಯ ಹಕ್ಕಿಗಳು, ಬೇರೆ ದಾರಿಯಿಂದ, ಚಳಿಗಾಲದಲ್ಲಿ ನಮ್ಮ ಊರುಗಳ ತಂತಿಗಳ ಮೇಲೂ ಸಾಲುಗಟ್ಟಿ ಕೂರುವುದನ್ನು ನಾವೆಲ್ಲ ಕಂಡಿದ್ದೇವೆ. ಕ್ಯಾಮೆರ ಹಕ್ಕಿಯ ರೂಪವನ್ನು ಹೇಳಿತು. ಅದು ಎಲ್ಲಿಂದ ಬಂದಿತೆಂಬುದನ್ನು ಹೇಳಲು ಒಂದು ಉಂಗುರ ಬೇಕಾಯಿತು. ತನ್ನ ಕಾಲದ ಛಾಯಾಗ್ರಹಣಕ್ಕೆ ಈ ಮಿತಿ ಇದ್ದಿತೆಂಬುದರಿಂದ ಕೀರ್ಟನ್‌ನ ಸಾಧನೆಗೆ ಕುಂದೇನೂ ಇಲ್ಲ.

ಹಕ್ಕಿಯ ಧ್ವನಿಯನ್ನು ಹಿಡಿದಿಡಲೂ ಈ ಮನೆತನದವರು ಪ್ರಯತ್ನಿಸಿದರು. 1900ರಲ್ಲಿ ಚೆರಿಯು ಮೇಣದ ಉರುಳೆಯ ಫೋನೋಗ್ರಾಫಿನಲ್ಲಿ ನೈಟಿಂಗೇಲಿನ ಹಾಡನ್ನೂ ಸಾಂಗ್ ಥ್ರಷ್‌ನ ಹಾಡನ್ನೂ ಮುದ್ರಿಸಿಕೊಂಡನು. ಬಯಲಿನಲ್ಲಿ ಸ್ವತಂತ್ರವಾಗಿ ಹಾಡುವ ಹಕ್ಕಿಯ ಧ್ವನಿಮುದ್ರಣಗಳಲ್ಲಿ ಇವು ಅತ್ಯಂತ ಹಳೆಯವು. ಪಂಜರದ ಹಕ್ಕಿಯ ವಿಷಯದಲ್ಲಾದರೆ ಈ ಗೌರವ ನಮ್ಮ ಕಡೆಗೆ ಬರುತ್ತದೆ: 1889ರಲ್ಲಿ ಜರ್ಮನಿಯಲ್ಲಿ ಲೂಡ್ವಿಗ್ ಕಾಖ್ ಎಂಬ ಬಾಲಕನು ಮುದ್ರಿಸಿದುದು ಶಾಮ ಪಕ್ಷಿಯ ಹಾಡನ್ನು, ಎಂದರೆ ನಮ್ಮ ಮಲೆನಾಡಿನ ಬಿದಿರುಮೆಳೆಗಳಲ್ಲಿ ಸಂಜೆ ಹಾಡುವ ಅದೇ ಹಕ್ಕಿಯ ಜಾತಿಯನ್ನು.

ಇನ್ನು ಒಂದು ಮುಖ್ಯ ಸಂಗತಿ. ಗೂಡಿನ ಮುಂದೆ ಕುಳಿತು ಚಿತ್ರ ತೆಗೆಯುವುದರಿಂದ ಹಕ್ಕಿಗೆ ಹಾನಿಯಿಲ್ಲವೆ? ಇದೆ. ಗೂಡಿಗೆ ಬೆಳಕು ಬೀಳಲೆಂದು ಮುಂದಿನ ಎಲೆಗಳನ್ನು ಸರಿಸಿ ಕಟ್ಟಬೇಕಾಗುತ್ತದೆ. ಆ ಎಲೆಗಳೇ ಗೂಡನ್ನು ಕಾಗೆಯ ಕಣ್ಣಿನಿಂದ ಮರೆಸುವ ತೆರೆ. ಹೆದರಿದ ತಾಯಿಹಕ್ಕಿ ಬಹಳ ಹೊತ್ತು ಹಿಂದಿರುಗದಿದ್ದರೆ ಮೊಟ್ಟೆ ತಣ್ಣಗಾಗುತ್ತದೆ. ರಿಚರ್ಡನಿಗೆ ಇದು ತಿಳಿಯದ ಮಾತಾಗಿರಲಿಲ್ಲ. ಮೊಟ್ಟೆಗಳಿಗೆ ಅಪಾಯ ತಗಲದಂತೆ, ಚಿತ್ರ ತೆಗೆಯುವ ಹೊತ್ತಿನಲ್ಲಿ ನಿಜವಾದವುಗಳನ್ನು ತೆಗೆದಿರಿಸಿ, ಮರದಲ್ಲಿ ಮಾಡಿಸಿ ಬಣ್ಣ ಹಾಕಿಸಿದ ಸುಳ್ಳು ಮೊಟ್ಟೆಗಳನ್ನು ಗೂಡಿನಲ್ಲಿಡುವ ಉಪಾಯವನ್ನು ಆತನು ಮಾಡಿದನು. ಹಕ್ಕಿ ಬಂದು ಅವುಗಳ ಮೇಲೆಯೇ ಕಾವು ಕುಳಿತುದೂ ಉಂಟು. ಮೋಸವೇ ಸರಿ, ಆದರೆ ಅಂದಿನ ದಿನಗಳಲ್ಲಿ ಆ ಗೂಡಿಗೆ ಬರುತ್ತಿದ್ದ ಇನ್ನೊಬ್ಬ ಮನುಷ್ಯನು ಮೊಟ್ಟೆಗಳನ್ನೇ ಒಯ್ಯುವವನಾಗಿದ್ದನು. ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯುವುದು ಸುಲಭ. ಅವರು ಯಾವ ಸ್ಥಿತಿಯಿಂದ ಹೊರಟರೆಂಬುದನ್ನು ಮೊದಲು ಅಳೆಯಬೇಕೆಂದು ನನ್ನ ಅಭಿಪ್ರಾಯ. ಅತ್ತ ಶಾಸನಗಳೂ ಮೆಲ್ಲಗೆ ಹೆಜ್ಜೆಯಿಟ್ಟವು. 1894ರ ಕಾಯಿದೆಯು ಮೊಟ್ಟೆಗಳನ್ನು ಆಯಾ ಪ್ರಾಂತದವರು ರಕ್ಷಿಸಬಹುದೆಂದಿತು. 1954ರ ಕಾಯಿದೆಯು ಬಹುತೇಕ ಕಾಡುಹಕ್ಕಿಗಳ ಮೊಟ್ಟೆ ಒಯ್ಯುವುದನ್ನು ಅಪರಾಧವೆಂದಿತು. 1981ರ ಕಾಯಿದೆಯ ಪ್ರಕಾರ ಅಪರೂಪದ ಹಕ್ಕಿಗಳನ್ನು ಗೂಡಿನ ಬಳಿ ಕೆಣಕುವುದೂ, ಅದು ಕ್ಯಾಮೆರದವನಿಂದಲೇ ಆಗಲಿ, ಅನುಮತಿಯಿಲ್ಲದೆ ಸಲ್ಲದು. ಹೀಗೆ ಕೀರ್ಟನ್‌ನ ಪದ್ಧತಿಗೂ ಈಗ ಕಡಿವಾಣ ಬಿದ್ದಿದೆ. ದೂರದಿಂದ ನೋಡಬಲ್ಲ ಮಸೂರಗಳು ಬಂದ ಮೇಲೆ ಎತ್ತಿನ ಹೊಟ್ಟೆಯ ಅಗತ್ಯವೂ ಇಲ್ಲ.

ಹೊಸ ಶತಮಾನದಲ್ಲಿ ಸೋದರರ ದಾರಿಗಳು ಬೇರೆಯಾದುವು. ಚೆರಿಗೆ ಚಲಚ್ಚಿತ್ರದ ಹುಚ್ಚು ಹಿಡಿಯಿತು. 1908ರಲ್ಲಿ ವಾಯುನೌಕೆಯನ್ನೇರಿ ಮೇಲಿನಿಂದ ಲಂಡನ್ ನಗರವನ್ನು ಚಿತ್ರಿಸಿದನು. ಮರುವರ್ಷ ಪೂರ್ವ ಆಫ್ರಿಕದಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟನ ಬೇಟೆಯ ಪ್ರವಾಸವನ್ನು ಚಿತ್ರೀಕರಿಸಿದನು. ಸಿಂಹ, ಘೇಂಡಾಮೃಗ, ಪೆಂಗ್ವಿನ್ ಎಂದು ಅವನ ಲೋಕ ವಿಸ್ತಾರವಾಗುತ್ತ ಹೋಯಿತು. ಅಣ್ಣನಾದರೋ ಬೇಲಿಯ ಗೂಡುಗಳನ್ನು ಬಿಡಲಿಲ್ಲ. ಸರ‍್ರೆ ಪ್ರಾಂತದ ಕೇಟರ್‌ಹ್ಯಾಮಿನಲ್ಲಿ ಮನೆ ಮಾಡಿ, ಮಕ್ಕಳಿಗಾಗಿಯೂ ದೊಡ್ಡವರಿಗಾಗಿಯೂ ಬರೆಯುತ್ತ ಹೋದನು. ರಾಬಿನ್ ಹಕ್ಕಿಯ ದಂಪತಿಗಳನ್ನು ಕುರಿತ ಕಥೆ 1904ರಲ್ಲಿ ಬಂದಿತು, ಆತ್ಮಕಥೆ 1926ರಲ್ಲಿ. ಅವನ ಶೈಲಿ ಮಹಾಸಾಹಿತ್ಯದ್ದೇನೂ ಅಲ್ಲ. ಕೆಲವು ಕಡೆ ಲಂಬಿಸುತ್ತಾನೆ, ಪ್ರಸಂಗದ ಮೇಲೆ ಪ್ರಸಂಗ ಪೇರಿಸುತ್ತಾನೆ. ಆದರೆ ತಾನು ಕಣ್ಣಾರೆ ಕಂಡುದನ್ನು ಹೇಳುವಾಗ ಆ ಗದ್ಯಕ್ಕೆ ಬೆಟ್ಟದ ಗಾಳಿಯ ಚುರುಕು ಬರುತ್ತದೆ.

ರಿಚರ್ಡ್ ಕೀರ್ಟನ್ 1928ರ ಫೆಬ್ರವರಿ 8ರಂದು ತೀರಿಕೊಂಡನು. ವಲಸೆಯ ಹಕ್ಕಿಗಳು ಬರಲು ಇನ್ನೂ ಒಂದೂವರೆ ತಿಂಗಳು ಇದ್ದಿತು. ಚೆರಿಯು ಹನ್ನೆರಡು ವರ್ಷ ಹೆಚ್ಚಿಗೆ ಬದುಕಿ, 1940ರ ಸೆಪ್ಟೆಂಬರಿನಲ್ಲಿ, ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ದಿನಗಳಲ್ಲಿ, ಅಲ್ಲಿಯೇ ಮರಣ ಹೊಂದಿದನು. ಬಾಲ್ಯದಲ್ಲಿ ಚೆರಿಯ ಚಿತ್ರಗಳನ್ನು ನೋಡಿ ತಮ್ಮ ಮನಸ್ಸು ದೂರದೇಶದ ಪ್ರಾಣಿಗಳ ಕಡೆಗೆ ಹರಿಯಿತೆಂದು ಡೇವಿಡ್ ಅಟೆನ್‌ಬರೋ ಸ್ಮರಿಸಿಕೊಂಡದ್ದುಂಟು.

ಸೋದರರು ನಡೆದಾಡಿದ ತೋಪುಗಳು ಈಗ ಮೊದಲಿನಂತಿಲ್ಲ. ಬ್ರಿಟನ್ನಿನಲ್ಲಿ 1960ರ ದಶಕದ ಕೊನೆಯಿಂದ ಈಚೆಗೆ ನೈಟಿಂಗೇಲುಗಳ ಸಂಖ್ಯೆ ಶೇಕಡ 90ರಷ್ಟು ಇಳಿದುಹೋಗಿದೆ. ಅಲ್ಲಿ ಪೊದೆಗಾಡನ್ನು ಸರದಿಯ ಮೇಲೆ ಕಡಿದು ಚಿಗುರಿಸುವ ಹಳೆಯ ಪದ್ಧತಿ ನಿಂತುದು, ಹೆಚ್ಚಿದ ಜಿಂಕೆಗಳು ಕೆಳಗಿನ ಪೊದೆಗಳನ್ನು ಮೇಯುವುದು, ಆಫ್ರಿಕದ ಚಳಿಗಾಲದ ನೆಲೆಗಳಲ್ಲಿನ ಬದಲಾವಣೆ ಇವೆಲ್ಲವನ್ನೂ ಕಾರಣವೆಂದು ಬಲ್ಲವರು ಹೇಳುತ್ತಾರೆ. ಬಂದೂಕಿನವನೂ ಮೊಟ್ಟೆಯ ಕಳ್ಳನೂ ಈ ಪಟ್ಟಿಯಲ್ಲಿ ಮೊದಲಿಗರಲ್ಲ. ಕೀರ್ಟನ್ ಯಾವ ಶತ್ರುವಿನೊಡನೆ ಹೋರಾಡಿದನೋ ಅವನು ಬಹುಮಟ್ಟಿಗೆ ಸೋತುಹೋದನು. ಅವನ ಜಾಗಕ್ಕೆ ಬಂದಿರುವವನಿಗೆ ಮುಖವೇ ಇಲ್ಲದಿರುವುದರಿಂದ ಅವನ ಚಿತ್ರ ತೆಗೆಯುವುದು ಕಷ್ಟ.

ಮ್ಯೂಕರಿನಲ್ಲಿ ಹುಡುಗರು ಓದಿದ ಹಳೆಯ ಶಾಲೆಯ ಗೋಡೆಯ ಮೇಲೆ ಸೋದರರಿಬ್ಬರ ಹೆಸರಿನ ಎರಡು ಫಲಕಗಳಿವೆ. ಥ್ವೇಟಿನ ಅವರ ಮನೆಯ ಬಾಗಿಲುವಾಡದ ಕಲ್ಲಿನಲ್ಲಿ ಪ್ರಾಣಿಪಕ್ಷಿಗಳನ್ನು ಕೆತ್ತಿದ್ದಾರೆ.